ದಾಂಡೇಲಿಯ ಪಬ್ಬಿನಲ್ಲಿ ಜೂಲಿಯ ತಾಯಿ

ದಾಂಡೇಲಿಯ ಹೊರವಲಯದಲ್ಲಿ ಹೊಸದಾಗಿ ತೆರೆದ ಇಂಗ್ಲಿಷ್ ಮಾದರಿಯ ಪಬ್ಬಿನಲ್ಲಿ ಊಟಕ್ಕೆ ಕೂತಿದ್ದೆ. ಇಳಿಬಿಸಿಲು ಬಣ್ಣದ ಗಾಜಿನೊಳಗಿಂದ ಬಂದು ಮೇಜು, ತಟ್ಟೆ, ನನ್ನ ಕೈಗಳನ್ನೆಲ್ಲ ಜೇನಿನ ಬಣ್ಣದಲ್ಲಿ ಅದ್ದಿತ್ತು. ಯಾವ ಊರಲ್ಲಿದ್ದೇನೆ ಎಂಬುದೇ ಮರೆತುಹೋಗಿತ್ತು.

"ನಡಿ ಮನಿಗೆ. ಕುಡಿಯೂ ಜಾಗಾದಾಗ ನಿನಗೇನ ಕೆಲಸ?"

ಪಕ್ಕದ ಮೇಜಿನಿಂದ ಬಂದ ದನಿ. ಸನವಳ್ಳಿಯಿಂದ ಬಂದಿದ್ದ ತಾಯಿ, ಇಲ್ಲಿ ಅಡುಗೆ ಮಾಡುವ ಮಗಳು ಜೂಲಿಯನ್ನು ವಾಪಸು ಕರೆಯುತ್ತಿದ್ದರು.

"ಮೊದಲ ಉಣ್ಣ ಯವ್ವಾ, ಆಮ್ಯಾಲೆ ಹೋಗೂಣು," ಎಂದು ಜೂಲಿ ತಾನೇ ಕರಿದ ಮೀನು, ಆಲೂಗಡ್ಡೆಯ ತಟ್ಟೆಯನ್ನು ಮುಂದಿಟ್ಟಳು. ಅವಳ ಕಣ್ಣು ತುಂಬಿತ್ತು.

ತಾಯಿ ತಿನ್ನತೊಡಗಿದರು. ಅಷ್ಟರಲ್ಲಿ ಪಬ್ಬಿನ ಮಾಲೀಕರು ಬಂದು ಜೂಲಿಯ ಮುಂದೆ ನಿಂತರು.

"ಮೇಡಂ, ನಾಳೆ ಊಟಕ್ಕ ಏನೇನ ಮಾಡೂಣು? ನೀವ ಹೇಳ್ರಿ."

ತುತ್ತು ಎತ್ತಿದ ತಾಯಿಯ ಕೈ ಹಾಗೇ ನಿಂತಿತು. ತನ್ನ ಮಗಳನ್ನು ಯಾರೋ ಬಹುವಚನದಲ್ಲಿ ಮಾತಾಡಿಸಿದ್ದನ್ನು ಅವರು ಮೊದಲ ಸಲ ಕೇಳುತ್ತಿದ್ದಂತಿತ್ತು. ಮಾಲೀಕರನ್ನು ನೋಡಿದರು, ಆಮೇಲೆ ಮಗಳನ್ನು ಬಹಳ ಹೊತ್ತು ನೋಡಿದರು.

"ಕೇಳಾಕತ್ತಾರಲ್ಲ, ಹೇಳವಾ," ಎಂದರು. "ನಾ ಆರರ ಬಸ್ಸಿಗೆ ಒಬ್ಬಾಕಿನ ಹೋಗ್ತೇನಿ."