ಮಾಸ್ತರರ ಮೂರು ಸಾಲು

೧೯೯೧ರ ಹಿಂಗಾರಿ. ಘತ್ತರಗಿ ಕಡೆಯ ಹಳ್ಳಿಯೊಂದರ ಶಾಲೆಯ ಪಡಸಾಲೆಯಲ್ಲಿ ಮಧ್ಯಾಹ್ನದ ಹೊತ್ತು ಹೆಂಗಸರಿಗೆ ಅಕ್ಷರ ಕಲಿಸುತ್ತಿದ್ದರು. ನಲವತ್ತೈದು ದಾಟಿದ ಪ್ಯಾರಿಬಿ ಅಕ್ಷರದಲ್ಲಿ ಎಲ್ಲರಿಗಿಂತ ಹಿಂದೆ. ಬಿತ್ತಿಗೆ ಬಂತೆಂದರೆ ಮಾತ್ರ ಜೋಳದ ಬೀಜ ಬಿಡಲು ಅವಳ ಕೈಯೇ ಬೇಕೆಂದು ಊರವರು ವಾರ ಮೊದಲೇ ಹೇಳಿ ಹೋಗುತ್ತಿದ್ದರು.

ಅವತ್ತು ಶಾಂತಲಿಂಗಪ್ಪ ಮಾಸ್ತರರು ಬಹಮನಿ ಸುಲ್ತಾನರ ಕಾಲದ ರೈತರ ಪಾಠ ಓದಿದರು. ಕಟ್ಟಿಗೆಯ ಕೂರಿಗೆ, ಎರಡು ಎತ್ತು, ಹಿಂದೆ ಕೂರಿಗೆಯ ಬಟ್ಟಲಿಗೆ ಬೀಜ ಬಿಡುವ ಹೆಣ್ಣುಮಗಳು.

“ಪಾಪ, ಕಲಿಯೂದು ಏನೂ ಇರಲಿಲ್ಲ ಅವರಿಗೆ. ಸಂಜೀತನಕ ಬಟ್ಟಲಿಗೆ ಕಾಳು ಹಾಕೂದು, ಅಷ್ಟೇ” ಎಂದರು.

ಪ್ಯಾರಿಬಿಗೆ ತಡೆಯಲಾಗಲಿಲ್ಲ. “ಮಾಸ್ತರ್ರ, ಇವತ್ತ ಮುಂಜಾನಿ ನಾನೂ ಅದನ್ನ ಮಾಡಿ ಬಂದೇನ್ರಿ. ನಾಳೆ ನಮ್ಮ ಹೊಲಕ್ಕ ಬರ್ರಿ. ಒಂದ್ಸಲ ನೀವೂ ಬಿತ್ತಿ ನೋಡ್ರಿ.”

ಮರುದಿನ ಮಾಸ್ತರರು ಪ್ಯಾಂಟು ಮಡಚಿಕೊಂಡು ಬಂದೇಬಿಟ್ಟರು. ಅವಳ ಗಂಡ ಚಮನಸಾಬ ಎತ್ತು ಹೊಡೆದ. ಮಾಸ್ತರರು ಬಿಟ್ಟ ಮೊದಲ ಹಿಡಿಗೇ ಬಟ್ಟಲಿನ ತೂತು ಕಟ್ಟಿಕೊಂಡಿತು. ಅದನ್ನು ಬಿಡಿಸುವಷ್ಟರಲ್ಲಿ ಕೂರಿಗೆ ನಾಲ್ಕು ಮಾರು ಮುಂದೆ ಹೋಗಿತ್ತು.

“ಎತ್ತು ನಿಮ್ಮ ಸಲುವಾಗಿ ನಿಲ್ಲಂಗಿಲ್ರಿ” ಎಂದ ಚಮನಸಾಬ, ತಿರುಗಿ ನೋಡದೆ.

ವಾರ ಕಳೆದು ಇಡೀ ತರಗತಿ ಹೊಲಕ್ಕೆ ಹೋಯಿತು. ಪ್ಯಾರಿಬಿಯ ಸಾಲುಗಳು ಬಾಚಿದ ತಲೆಯಂತೆ ನೆಟ್ಟಗಿದ್ದವು. ನಡುವೆ ಮಾಸ್ತರರ ಮೂರು ಸಾಲು: ಇಲ್ಲೊಂದು ಗುಂಪು ಮೊಳಕೆ, ಆಮೇಲೆ ಬರೀ ಮಣ್ಣು, ಮತ್ತೆ ಒಂದು ಗುಂಪು. ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಎಲ್ಲರಿಗಿಂತ ಜೋರಾಗಿ ನಕ್ಕವರು ಮಾಸ್ತರರೇ.

“ತಪ್ಪಾತು ಅವ್ವಾ. ಆರುನೂರು ವರ್ಷದ ವಿದ್ಯಾ ಇದು” ಎಂದರು. “ಹಂಗಾದ್ರ ಆವಾಗಿಂದ ಏನೂ ಬದಲಾಗಿಲ್ಲೇನು?”

ಪ್ಯಾರಿಬಿ ಬದುವಿನ ಮೇಲೆ ಕೂತು ಯೋಚಿಸಿದಳು. ಅದೇ ಕೂರಿಗೆ, ಅದೇ ಕುಡಗೋಲು. ಆಮೇಲೆ ಮದುವೆಯಾದ ಹೊಸತರಲ್ಲಿ, ಕೋಳಿ ಕೂಗುವ ಮೊದಲೇ ಎದ್ದು ಅತ್ತೆಯ ಎದುರು ಬೀಸುವ ಕಲ್ಲಿಗೆ ಕೂತದ್ದು ನೆನಪಾಯಿತು.

“ಗಿರಣಿ ಬಂದೈತಲ್ರಿ. ಆವಾಗ ಬೀಸಿ ಬೀಸಿ, ಮಧ್ಯಾಹ್ನ ಆದ್ರ ಕಣ್ಣು ತಾವ ಮುಚ್ಚತಿದ್ವು. ಈಗ ನಿಮ್ಮ ಪಾಠಕ್ಕ ಎಚ್ಚರ ಇರ್ತೇನಿ.”

ಪಡಸಾಲೆಗೆ ಮರಳಿದ ಮೇಲೆ ಮಾಸ್ತರರು ಅವತ್ತಿನ ಪಾಠ ಬದಿಗಿಟ್ಟು ಹಲಗೆಯ ಮೇಲೆ ‘ಗಿರಣಿ’ ಎಂದು ಬರೆದರು. ಮೊದಲೆರಡು ಅಕ್ಷರ ಪ್ಯಾರಿಬಿಗೆ ಬೇಗ ಒಲಿದವು. ‘ಣಿ’ ಮಾತ್ರ ಸಂಜೆಯತನಕ ಅವಳನ್ನು ಸತಾಯಿಸಿತು.