ದಾಲ್ಚಿನ್ನಿಯ ಸಿಹಿ

ನಮ್ಮ ಅತ್ತೆ ಕದ್ದು ಸಿಹಿ ತಿಂದಿರಲಿಲ್ಲ. ತಿನ್ನಿಸಿದವಳು ನಾನು. ಇಷ್ಟು ಹೇಳಲು ನನಗೆ ವರ್ಷಗಳೇ ಹಿಡಿದವು — ಮನೆಯವರಿಗೆ ಇನ್ನೂ ಹೇಳಿಲ್ಲ, ಮೊದಲು ನಿಮಗೆ ಹೇಳುತ್ತಿದ್ದೇನೆ.

ಮದುವೆಯಾಗಿ ಇಳಕಲ್ಲಿಗೆ ಬಂದ ಹೊಸದರಲ್ಲಿ ನನಗೆ ಅಡುಗೆಯಲ್ಲಿ ಹೆಸರು ಮಾಡುವ ಹುಚ್ಚು. ರೊಟ್ಟಿ ಬಡಿಯುವುದರಲ್ಲಿ ಅತ್ತೆಯನ್ನು ಮೀರಿಸುವಂತಿರಲಿಲ್ಲ. ಹಾಗಾಗಿ ಅವರಿಗೆ ಬಾರದ ಕೆಲಸವೊಂದನ್ನು ಹಿಡಿದುಕೊಂಡೆ. ಅತ್ತೆಗೆ ಶುಗರ್ ಇತ್ತು. ಸಂಜೆ ಸಪ್ಪೆ ಚಹಾ ಕುಡಿಯುತ್ತ, ನಾವು ಅದ್ದಿ ತಿನ್ನುವ ಬಿಸ್ಕೀಟನ್ನು ನೋಡುತ್ತ ಕೂರುತ್ತಿದ್ದರು. ಪಾಪ ಅನ್ನಿಸುತ್ತಿತ್ತು — ಅದು ಸುಳ್ಳಲ್ಲ. ಫೋನಿನಲ್ಲಿ ಗ್ರಹಾಂ ಕ್ರ್ಯಾಕರ್ ಎಂಬ ಬಿಸ್ಕೀಟಿನ ವಿಡಿಯೋ ಸಿಕ್ಕಿತು. ಮೈದಾ ಇಲ್ಲ, ಪೂರಾ ಗೋಧಿ ಹಿಟ್ಟು, ಘಮಕ್ಕೆ ದಾಲ್ಚಿನ್ನಿ. ಅದರಲ್ಲಿದ್ದ ಸಕ್ಕರೆಯನ್ನು ನಾನೇ ತೆಗೆದುಹಾಕಿದೆ.

ನಮ್ಮ ಕಡೆ ಬಿಸ್ಕೀಟಿಗೆ ಮನೆಯಲ್ಲಿ ಓವನ್ ಬೇಕಿಲ್ಲ. ಹಿಟ್ಟು, ತುಪ್ಪ ಒಯ್ದುಕೊಟ್ಟರೆ ಬೇಕರಿಯವರು ತಮ್ಮ ಭಟ್ಟಿಯಲ್ಲಿ ಬೇಯಿಸಿ ಕೊಡುತ್ತಾರೆ. ನಾನೂ ಒಯ್ದೆ, ಲಟ್ಟಿಸಿ, ಚೌಕ ಕತ್ತರಿಸಿ, ಮೇಲೆ ಚುಚ್ಚಿ ತಗಡಿಗಿಟ್ಟೆ. ಬೆಂದು ಬಂದದ್ದು ಬಿಸ್ಕೀಟಲ್ಲ, ಹಂಚಿನ ಚೂರು. ಬಾದಾಮಿ ಗುಡ್ಡದಿಂದ ಕೆತ್ತಿಸಿಕೊಂಡು ಬಂದಿಯೇನು ಎಂದು ಗಂಡ ನಕ್ಕ. ಅತ್ತೆ ಒಬ್ಬರೇ ಚಹಾದಲ್ಲಿ ಬಹಳ ಹೊತ್ತು ನೆನೆಸಿ, ಹಲ್ಲಿಗೆ ಚಲೋ ಕೆಲಸ ಕೊಟ್ಟಿ ಎನ್ನುತ್ತ ತಿಂದರು. ಅಂದೇ ನಾನು ತೃಪ್ತಿಪಡಬೇಕಿತ್ತು. ಪಡಲಿಲ್ಲ.

ಸಕ್ಕರೆ ಪುಡಿ ಬೀಳದೆ ಅದು ಹಗುರಾಗುವುದಿಲ್ಲ ಎಂದು ಬೇಕರಿಯ ಚಾಚಾ ಹೇಳಿದ್ದರು. ಅವರು ಹೇಳಿದ್ದು ಬಿಸ್ಕೀಟಿನ ಮಾತು. ಯಾರು ತಿನ್ನುತ್ತಾರೆಂದು ಅವರಿಗೇನು ಗೊತ್ತು? ನನಗೆ ಗೊತ್ತಿತ್ತು. ಮುಂದಿನ ಸಲ ದಾರಿಯಲ್ಲೇ ಸಕ್ಕರೆ ಕೊಂಡು, ಬೇಕರಿಯಲ್ಲೇ ಪುಡಿ ಮಾಡಿಸಿ ಕಲಸಿದೆ — ಕೈ ತುಂಬ.

ಅತ್ತೆ ಒಂದು ತುಂಡು ಬಾಯಿಗಿಟ್ಟು ಥಟ್ಟನೆ ಅಗಿಯುವುದನ್ನು ನಿಲ್ಲಿಸಿದರು.

“ಯವ್ವಾ, ಇದು ಸಿಹಿ ಐತಲ್ಲ?”

“ಅದು ದಾಲ್ಚಿನ್ನಿ ಸಿಹಿ ರೀ, ಅತ್ತಿ. ಸಕ್ಕರಿ ಒಂದ್ ಕಾಳೂ ಇಲ್ಲ.”

ಎಷ್ಟು ಸಲೀಸಾಗಿ ಬಂತು ಆ ಮಾತು! ಅವರು ನಂಬಿದರು. ಓಣಿಯಲ್ಲಿ ಶುಗರ್ ಇದ್ದವರನ್ನೆಲ್ಲ ಕರೆದು ನನ್ನ ಸೊಸೆಯ ಕೈಗುಣ ನೋಡಿರೆಂದು ಹೇಳಿಕೊಂಡರು. ಹೊಗಳಿಕೆ ಕೇಳುತ್ತ ಕೇಳುತ್ತ ನಾನು — ಏನು ಹೇಳಲಿ, ನನಗೇ ಅದು ದಾಲ್ಚಿನ್ನಿಯ ಸಿಹಿ ಅನ್ನಿಸತೊಡಗಿತ್ತು.

ಆಮೇಲೆ ಅತ್ತೆಯ ಶುಗರ್ ಏರಿತು. ಕಾಲಿಗೆ ಆದ ಸಣ್ಣ ಗಾಯವೊಂದು ಮಾಯಲಿಲ್ಲ. ಕದ್ದು ಏನೋ ತಿನ್ನುತ್ತಿದ್ದಾರೆಂದು ಡಾಕ್ಟರು ಬೈದರು. ಕಪಾಟಿನಲ್ಲಿ ಅಮೀನಗಡದಿಂದ ತಂದ ಕರದಂಟಿನ ಡಬ್ಬಿ ಇತ್ತು. ಎಲ್ಲರ ಕಣ್ಣೂ ಅದರ ಮೇಲೆ ಹೋಯಿತು. ನಾ ಮುಟ್ಟಿಲ್ಲ ಎಂದು ಅತ್ತೆ ಎಷ್ಟು ಹೇಳಿದರೂ ಮಗನೇ ನಂಬಲಿಲ್ಲ. ಕಪಾಟಿಗೆ ಕೀಲಿ ಹಾಕಿ ಕೀಲಿಕೈಯನ್ನು ನನ್ನ ಕೈಗೆ ಕೊಟ್ಟ. ನಾನು ಇಸಿದುಕೊಂಡೆ.

ಮರುದಿನ ಅತ್ತೆ ಕುಂಟುತ್ತಲೇ ಬಸ್ಸು ಹತ್ತಿ ಬನಶಂಕರಿಗೆ ಹೋದರು. ದೇವಿಯ ಹೆಸರಿನಲ್ಲಿ ಏನನ್ನಾದರೂ ಬಿಟ್ಟರೆ ಆಯಿತು, ಮತ್ತೆ ಮುಟ್ಟುವಂತಿಲ್ಲ. ಅವರು ಸಿಹಿ ಬಿಟ್ಟು ಬಂದರು. ಸಂಜೆ ಚಹಾಕ್ಕೆ ಕೂತವರು, “ನಿನ್ನ ಬಿಸ್ಕೀಟ್ ಕೊಡವ್ವಾ, ಅದಕ್ಕೇನು ದೋಷ ಇಲ್ಲ” ಅಂದರು.

ನಾನು ಕೊಟ್ಟೆ. ಸಕ್ಕರೆಯದ್ದನ್ನೇ ಕೊಟ್ಟೆ. ಆ ಹೊತ್ತಿನಲ್ಲಿ ಬೇಡವೆಂದರೆ ಯಾಕೆಂದು ಹೇಳಬೇಕಾಗುತ್ತಿತ್ತಲ್ಲ — ಅವರ ಹರಕೆಯನ್ನು ಅವರ ಬಾಯಲ್ಲೇ ಮುರಿಸಿ, ನೋಡುತ್ತ ನಿಂತೆ.

ಉಳಿದದ್ದನ್ನು ದನಕ್ಕೆ ಹಾಕಿ, ಮುಂದಿನ ಸಲದಿಂದ ಸಕ್ಕರೆ ನಿಲ್ಲಿಸಿದೆ. ಶುಗರ್ ಇಳಿಯಿತು, ಗಾಯವೂ ಮಾಯಿತು. ಇನ್ನಾದರೂ ಹಗುರಾದೇನು ಎಂದುಕೊಂಡಿದ್ದೆ. ಆದರೆ ಮನೆಯವರೆಲ್ಲ ಅಂದದ್ದೇ ಬೇರೆ: ನೋಡು, ಕೀಲಿ ಹಾಕಿದ ಮೇಲೆ ಇಳಿಯಿತು, ಅಂದಮೇಲೆ ಕದಿಯುತ್ತಿದ್ದದ್ದು ಖರೆ. ನಾನು ತಪ್ಪು ತಿದ್ದಿಕೊಂಡದ್ದೇ ಅವರ ಕಳ್ಳತನಕ್ಕೆ ಸಾಕ್ಷಿಯಾಯಿತು. ಇಂದಿಗೂ ಹಬ್ಬ ಬಂದರೆ ಹೋಳಿಗೆಯ ಡಬ್ಬಿ ಎತ್ತಿಡಿ, ಅವ್ವ ಬಂದಳು ಎಂದು ಚೇಷ್ಟೆ ಮಾಡುತ್ತಾರೆ. ಅತ್ತೆ ನಗುತ್ತಾರೆ. ಆ ನಗು ನನ್ನಿಂದ ನೋಡಲಾಗುವುದಿಲ್ಲ.

ನಿನ್ನೆ ನನ್ನ ಗಟ್ಟಿ ಬಿಸ್ಕೀಟನ್ನು ಚಹಾದಲ್ಲಿ ನೆನೆಸುತ್ತ ಅವರು ಮೆಲ್ಲಗೆ ಅಂದರು: “ಮೊದ್ಲಿನ ರುಚಿ ಹತ್ತವಲ್ದು ನೋಡವ್ವಾ. ನಿನ್ನ ಕೈ ಚಲೋನ ಐತಿ, ನನ್ನ ನಾಲಗಿನ ಕೆಟ್ಟೈತಿ.”

ಕಳ್ಳತನ ಹೊತ್ತರು, ಈಗ ಇದನ್ನೂ ಹೊತ್ತರು.

ಇವತ್ತು ಸಂಜೆ ಚಹಾಕ್ಕೆ ಎಲ್ಲರೂ ಮನೆಯಲ್ಲಿರುತ್ತಾರೆ. ಕಪಾಟಿನ ಕೀಲಿಕೈಯನ್ನು ಅತ್ತೆಯ ಮುಂದಿಟ್ಟು, ಗಂಡನಿಗೂ ಕೇಳುವ ಹಾಗೆ ಹೇಳುವವಳಿದ್ದೇನೆ. ಚಿಕ್ಕವಳಿದ್ದೆ, ತಿಳಿಯಲಿಲ್ಲ ಎನ್ನುವುದಿಲ್ಲ; ತಿಳಿದಿತ್ತು. ಹರಕೆಯ ಮಾತು ಹೇಗೆ ಎತ್ತುವೆನೋ, ಕೇಳಿ ಅವರು ಏನಾಗುತ್ತಾರೋ — ಗೊತ್ತಿಲ್ಲ. ಮೊದಲ ಮಾತೊಂದನ್ನು ಮಾತ್ರ ಬೆಳಗಿನಿಂದ ಬಾಯಲ್ಲಿ ಇಟ್ಟುಕೊಂಡಿದ್ದೇನೆ:

“ಅತ್ತೀ, ನಿಮ್ಮ ನಾಲಗಿ ಕೆಟ್ಟಿಲ್ರಿ.”