ಹಳೆಯ ನೀರು ಚೆಲ್ಲಿದ ದಿನ

ಸೂಕ್ಷ್ಮದರ್ಶಕದಿಂದ ಮುಖ ಎತ್ತಿದಾಗ ನಮ್ಮ ಡಾಕ್ಟರಮ್ಮನ ಎರಡೂ ಕಣ್ಣುಗಳ ಸುತ್ತ ಬಳೆಯಷ್ಟು ದುಂಡಗೆ ಕೆಂಪು ಗುರುತು ಮೂಡಿರುತ್ತಿತ್ತು. ಅದು ಮಾಸುವ ಮೊದಲೇ ಮತ್ತೆ ಬಗ್ಗುತ್ತಿದ್ದರು. ಎಂಬತ್ತರ ದಶಕದ ನಡುವೆ, ಮಂಗಳೂರಿನ ಒಂದು ಆಸ್ಪತ್ರೆಯ ಲ್ಯಾಬಿಗೆ ನಾನು ಅವರ ಕೈಕೆಳಗೆ ಟೆಕ್ನಿಷಿಯನ್ ಆಗಿ ಸೇರಿದ್ದೆ. ವಾಮಂಜೂರಿನಿಂದ ಬಸ್ಸಿನಲ್ಲಿ ಬಂದಿಳಿದವಳನ್ನು ಮೊದಲ ದಿನ ಅವರು ಕೇಳಿದ್ದು, "ನಿನಗೆ ಕುತೂಹಲ ಉಂಟಾ? ಇಲ್ಲದಿದ್ರೆ ಈ ಕೆಲಸ ಭಾರೀ ಬೋರು ಮಾರಾಯ್ತಿ."

ಉಂಟು ಎಂದೆ. ಇತ್ತೋ ಇಲ್ಲವೋ ದೇವರಿಗೇ ಗೊತ್ತು.

ಆಗ ಅವರ ಅಣ್ಣನಿಗೆ ಕ್ಯಾನ್ಸರ್. ಬಿಜೈಯಲ್ಲಿ ಹೋಟೆಲ್ ನಡೆಸುತ್ತಿದ್ದವರು ನಮ್ಮ ಆಸ್ಪತ್ರೆಯ ವಾರ್ಡಿನಲ್ಲೇ ಇದ್ದರು. ಯಾವ ಔಷಧಿಯೂ ಹಿಡಿದಿರಲಿಲ್ಲ. ರೋಗಿಯ ಬಿಳಿ ರಕ್ತಕಣಗಳನ್ನು ತೆಗೆದು, ಬಾಟಲಿಯಲ್ಲಿ ಬೆಳೆಸಿ, ಬಲಿತ ಮೇಲೆ ಮರಳಿ ಮೈಗೆ ಸೇರಿಸಿದರೆ ಅವು ಕ್ಯಾನ್ಸರಿನೊಡನೆ ಹೋರಾಡಬಹುದೇ ಎಂದು ಹೊರದೇಶಗಳಲ್ಲಿ ಪ್ರಯೋಗ ನಡೆದಿತ್ತು. ಡಾಕ್ಟರಮ್ಮ ಅದನ್ನು ಓದಿ ಅಣ್ಣನ ರಕ್ತವನ್ನೇ ತಂದು ಕೂತರು. ಕಣಗಳು ಹೆಚ್ಚಿದವು. ಅಣ್ಣನ ಗಡ್ಡೆಯ ಚೂರನ್ನು ಜೊತೆಗೆ ಬಿಟ್ಟಾಗ ಅವು ಅದನ್ನು ಮುತ್ತಿಕೊಂಡದ್ದನ್ನು ನನ್ನನ್ನೂ ಕರೆದು ತೋರಿಸಿದರು. ಆ ದಿನ ನನಗೆ ಕುತೂಹಲ ನಿಜವಾಗಿ ಹುಟ್ಟಿತು.

ಅಣ್ಣ ಹೋಟೆಲಿನವರಲ್ಲವೇ, ನನ್ನನ್ನು ಕಂಡಾಗಲೆಲ್ಲ ಬಾಟಲಿಯಲ್ಲಿದ್ದ ತಮ್ಮ ಕಣಗಳ ಬಗ್ಗೆ ಕೇಳುವುದು ಒಂದೇ. "ನಮ್ಮವರಿಗೆ ಊಟ ಆಯ್ತಾ?" ತಂಗಿಗೆ ಬೇರೆ ಪ್ರಶ್ನೆ: "ವಾಪಸು ನನ್ನ ಮೈಗೆ ಹಾಕುದು ಯಾವಾಗ?"

"ಬಾಟಲಿಯಲ್ಲಿ ಮಾಡಿದ್ದನ್ನು ಮೈಯಲ್ಲೂ ಮಾಡ್ತವಾ ಅಂತ ನನಗೆ ಗೊತ್ತಿಲ್ಲ ಅಣ್ಣ. ಇನ್ನೊಂದು ವಾರ ನೋಡುವ."

ಇಷ್ಟು ಹೇಳಿ, ಹೊರಗೆ ಬಂದು ಕಣ್ಣೊರೆಸಿಕೊಳ್ಳುತ್ತಿದ್ದರು.

ಅಣ್ಣನಿಗೆ ತೀರಾ ಹೆಚ್ಚಾದ ಎರಡು ದಿನ ಅವರು ವಾರ್ಡು ಬಿಟ್ಟು ಕದಲಲಿಲ್ಲ. ಕಣಗಳಿಗೆ ಆಹಾರವಾಗಿದ್ದ ಕೆಂಪು ದ್ರವ ಹಳದಿಯಾದರೆ ಬದಲಿಸು ಎಂದು ನನಗೆ ಹೇಳಿ ಕಳಿಸಿದ್ದರು. ಹಳದಿಯಾಗಿತ್ತು. ನಮ್ಮ ಮನೆಯಲ್ಲಿ ನೀರಿನ ಕೊಡ ಎಂದರೆ ದಿನಾ ಬೆಳಿಗ್ಗೆ ಹಳೆಯದನ್ನು ತೊಟ್ಟೂ ಉಳಿಸದೆ ಚೆಲ್ಲಿ, ಹುಣಸೆಹುಳಿ ಹಾಕಿ ತಿಕ್ಕಿ, ಹೊಸದು ತುಂಬಬೇಕು. ತಪ್ಪಿದರೆ ಅಮ್ಮನ ಬೈಗುಳ. ಅದೇ ಅಚ್ಚುಕಟ್ಟಿನಲ್ಲಿ ನಾನು ಎಲ್ಲ ಬಾಟಲಿಗಳ ಹಳೆಯ ದ್ರವವನ್ನು ಪೂರ್ತಿ ತೆಗೆದು ಹೊಸದು ಹಾಕಿದೆ. ಎರಡು ದಿನಕ್ಕೆ ಕಣಗಳೆಲ್ಲ ಸತ್ತವು. ಮತ್ತೆ ರಕ್ತ ತೆಗೆಯುವಷ್ಟು ಶಕ್ತಿ ಅಣ್ಣನಲ್ಲಿ ಉಳಿದಿರಲಿಲ್ಲ.

ಡಾಕ್ಟರಮ್ಮ ಬಾಟಲಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. "ಅರ್ಧ ಹಳೆಯದು ಬಿಡ್ಬೇಕಿತ್ತು. ನಾನು ಹೇಳ್ಲಿಲ್ಲ."

ಅಣ್ಣ ಕೊನೆಯವರೆಗೂ ಊಟದ ವಿಷಯ ಕೇಳಿದರು. ಆಯಿತು ಎಂದು ಸುಳ್ಳು ಹೇಳಿದೆ. ಮರುವಾರ ತೀರಿಕೊಂಡರು.

ಹದಿಮೂರನೆಯ ದಿನದ ಉತ್ತರಕ್ರಿಯೆ, ನಮ್ಮ ಕಡೆಯ ಬೊಜ್ಜ, ಮುಗಿಸಿ ಡಾಕ್ಟರಮ್ಮ ಕೆಲಸಕ್ಕೆ ಬಂದಾಗ ನಾನು ರಾಜೀನಾಮೆ ಬರೆದಿಟ್ಟುಕೊಂಡು ಕಾದಿದ್ದೆ. ಅವರು ಕಾಗದವನ್ನು ಪಕ್ಕಕ್ಕೆ ಸರಿಸಿ, ರಬ್ಬರ್ ಪಟ್ಟಿ ತಂದು ನನ್ನ ತೋಳಿಗೆ ಕಟ್ಟಿದರು.

"ನಿನ್ನ ರಕ್ತ ಬೇಕು. ಅರ್ಧ ಬಿಡ್ಬೇಕು ಅಂತ ನಾನು ಓದಿದ್ದು ಮಾತ್ರ, ಕಣ್ಣಾರೆ ನೋಡಿದ್ದಿಲ್ಲ. ಆ ಹಳೆ ನೀರಲ್ಲಿ ಎಂತ ಉಂಟು? ಅವು ಒಂದಕ್ಕೊಂದು ಎಂತ ಕೊಡ್ತವೆ? ನೀನು ಮಾಡಿದ್ದನ್ನೇ ಈಗ ಬೇಕಂತ ಮಾಡಿ ನೋಡುವ."

ನರ ಸಿಗಲು ಮೂರು ಸಲ ಚುಚ್ಚಬೇಕಾಯಿತು. ನಾನು ಅಲ್ಲೇ ಉಳಿದೆ. ಈಗ ಅವರೂ ತೀರಿಕೊಂಡು ವರ್ಷಗಳಾದವು. ಅಂದು ಆ ಕಾಗದ ಅವರ ಕೈಗಿಟ್ಟು ಬಸ್ಸು ಹತ್ತಿದ್ದರೆ, ಉಳಿದ ಬದುಕನ್ನೆಲ್ಲ ನಾನು ಅವರ ಅಣ್ಣನನ್ನು ಕೊಂದವಳಾಗಿಯೇ ಕಳೆಯುತ್ತಿದ್ದೆ.